ಓಟಿಲಿಯಾಳ ಹೊಂಡ

ಆ ಫಲಕ ಅಲ್ಲಿ ಇರಬಾರದಿತ್ತು. ಆರ್ಲಿಸ್ ವಿಟ್‌ಮಾಯರ್ ಪಿಕಪ್ಪನ್ನು ಜಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿ, ಎಂಜಿನ್ ಆರಿಸದೆ, ಗಾಜಿನೊಳಗಿಂದಲೇ ಅದನ್ನು ಎರಡು ಸಲ ಓದಿದಳು. ಕಿತ್ತಳೆ ಬಣ್ಣದ ಹೊಸ ಫಲಕ. ಅಪ್ಪಣೆಯಿಲ್ಲದೆ ಬೇಟೆ ಕೂಡದು. ಕೆಳಗೆ ದಪ್ಪ ಕಪ್ಪು ಮಸಿಯಲ್ಲಿ ಓಟಿಲಿಯಾ ರೆಂಬೋಲ್ಟ್ ಎಂಬ ಹೆಸರು, ತಾರೀಕು. ಅಕ್ಷರ ಓಟಿಲಿಯಾಳದಲ್ಲ. ಎಂಬತ್ತರ ಹತ್ತಿರದ ಹೆಂಗಸಿನ ಕೈ ಅಷ್ಟು ನೆಟ್ಟಗೆ ಬರೆಯುವುದಿಲ್ಲ.

ಅವಳು ನಿಧಾನವಾಗಿ ಮುಂದೆ ಹೋದಳು. ಬೇಲಿಯ ಉದ್ದಕ್ಕೂ ಅದೇ ಫಲಕ, ಮೂಲೆಯ ಕಂಬಕ್ಕೆ ಎರಡು. ಬೇಲಿಯಾಚೆ ಗೋಧಿಯ ಕೂಳೆ, ಅದರಾಚೆ ಜೊಂಡು, ಜೊಂಡಿನ ನಡುವೆ ರೆಂಬೋಲ್ಟರ ಹೊಂಡ. ನೀರಿನ ಮೇಲೆ ಬಾತುಗಳು ಕಪ್ಪಗೆ ಹರಡಿಕೊಂಡಿದ್ದವು. ಹಿಂದಿನ ಸೀಟಿನಲ್ಲಿದ್ದ ಬೆಸ್ ಎಂಬ ನಾಯಿ ಅವನ್ನು ಕಂಡು ಕುಂಯ್‌ಗುಟ್ಟಿತು. ಅಂದು ಗುರುವಾರ. ಶನಿವಾರ ಬೆಳಿಗ್ಗೆ ಆ ವರ್ಷದ ಬಾತುಬೇಟೆ ಶುರು.

ಉತ್ತರ ಡಕೋಟ ರಾಜ್ಯದಲ್ಲಿ ಫಲಕವಿಲ್ಲದ ಹೊಲಕ್ಕೆ ಯಾರು ಬೇಕಾದರೂ ಬೇಟೆಗೆ ಇಳಿಯಬಹುದೆಂಬುದು ಕಾನೂನು. ಕೇಳಿ ಇಳಿಯಬೇಕೆಂಬುದು ಮರ್ಯಾದೆ. ಆ ಮರ್ಯಾದೆಗೂ ಒಂದು ಕಟ್ಟಳೆಯಿತ್ತು. ಒಮ್ಮೆ ಕೇಳಿ ಒಮ್ಮೆ ಹೂಂ ಅನ್ನಿಸಿಕೊಂಡ ಮೇಲೆ ಮತ್ತೆ ಕೇಳುವಂತಿಲ್ಲ. ಮತ್ತೆ ಕೇಳಿದರೆ ಕೊಟ್ಟವನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದಂತೆ. ಆರ್ಲಿಸಳ ತಂದೆ ಎಡ್ವಿನ್ ಗಾಟ್‌ಲೀಬ್ ರೆಂಬೋಲ್ಟನನ್ನು ಕೇಳಿದ್ದು ಸಾವಿರದೊಂಬೈನೂರ ಅರವತ್ತೊಂದರಲ್ಲಿ, ರೆಂಬೋಲ್ಟರ ಯಂತ್ರದ ಶೆಡ್ಡಿನ ಬಾಗಿಲಲ್ಲಿ. ಹದಿನಾರು ವರ್ಷದ ಆರ್ಲಿಸ್ ಪಕ್ಕದಲ್ಲಿ ನಿಂತಿದ್ದಳು. ಗಾಟ್‌ಲೀಬ್ ಟ್ರ್ಯಾಕ್ಟರಿನ ಅಡಿಯಿಂದ ತಲೆ ಹೊರಹಾಕಿ, "ಹೊಡ್ಕೊಳಿ. ಇನ್ನೊಂದ್ಸಲ ಕೇಳೋಕೆ ಬಂದು ನನ್ನ ಕೆಲಸ ಕೆಡಿಸ್ಬೇಡಿ" ಎಂದಿದ್ದ. ಅದಾಗಿ ನಲವತ್ತೊಂದು ವರ್ಷ.

ಕೇಳುವುದರ ಬದಲಿಗೆ ಸಾಸೇಜ್ ಇತ್ತು. ನವೆಂಬರಿನಲ್ಲಿ ಹೆಬ್ಬಾತಿನ ಮಾಂಸಕ್ಕೆ ಹಂದಿ ಕೊಬ್ಬು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕರುಳಿಗೆ ತುಂಬಿ, ಹೊಗೆಯಲ್ಲಿ ಒಣಗಿಸಿ, ಸುತ್ತು ಕಟ್ಟಿ, ಶೆಡ್ಡಿನ ಬಾಗಿಲ ಒಳಗಿನ ಮೊಳೆಗೆ ತೂಗುಹಾಕಿ ಬರುವುದು. ಅಡುಗೆಮನೆಗೆ ಕೊಡುವಂತಿರಲಿಲ್ಲ. ಗಾಟ್‌ಲೀಬನ ಎದೆಯ ಕಾಯಿಲೆಗೆ ಉಪ್ಪು ಕೂಡದೆಂದು ಹೆಂಡತಿ ಓಟಿಲಿಯಾ ಕಟ್ಟುನಿಟ್ಟು ಮಾಡಿದ್ದಳು. ಅವನು ಶೆಡ್ಡಿನಲ್ಲೇ ರೇಡಿಯೋ ಕೇಳುತ್ತ ಚಾಕುವಿನಿಂದ ಕತ್ತರಿಸಿ ತಿನ್ನುತ್ತಿದ್ದ. ಎಡ್ವಿನ್ ತೀರಿಕೊಂಡ ಮೇಲೆ ಆರ್ಲಿಸ್ ಅದನ್ನು ನಡೆಸಿಕೊಂಡು ಬಂದಳು. ಗಾಟ್‌ಲೀಬ್ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ಅವಳು ಮೊಳೆಗೆ ಸಾಸೇಜ್ ತೂಗುಹಾಕಿದ್ದಳು. ಮಾತು ಮನುಷ್ಯನ ಜೊತೆ ಸಾಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಐವತ್ತೇಳು. ಲೈನ್‌ಫೆಲ್ಡ್ ಊರಿನ ಶಾಲೆಯಲ್ಲಿ ಅಡುಗೆಯವಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಗಂಡ ಬಿಟ್ಟುಹೋಗಿದ್ದ. ಅದರ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ಸ್ವಂತಕ್ಕೆ ಒಂದು ಅಡಿ ಹೊಲವಿರಲಿಲ್ಲ. ಆದರೂ ಒಂದು ಕಾಲಕ್ಕೆ ಐದು ಹೊಂಡಗಳಲ್ಲಿ ಅವಳಿಗೆ ಅಪ್ಪಣೆಯಿತ್ತು. ಒಂದನ್ನು ನೀರು ಬಸಿದು ಉತ್ತುಬಿಟ್ಟರು. ಒಂದನ್ನು ಬೇರೆ ರಾಜ್ಯದವನೊಬ್ಬ ಹೊಲದ ಸಮೇತ ಕೊಂಡು ಗೇಟಿಗೆ ಬೀಗ ಜಡಿದ. ಇನ್ನೆರಡನ್ನು ಹೊರಗಿನ ಬೇಟೆಗಾರರನ್ನು ಕರೆತರುವ ಗುತ್ತಿಗೆದಾರ ಹಿಡಿದುಕೊಂಡ. ಉಳಿದದ್ದು ರೆಂಬೋಲ್ಟರದು. ಸರ್ಕಾರದ ಕೆರೆಯೇನೋ ಎಲ್ಲರಿಗೂ ತೆರೆದಿತ್ತು. ಅಲ್ಲಿ ಬೆಳಿಗ್ಗೆ ನಾಲ್ಕಕ್ಕೇ ಗಾಡಿಗಳು ಒಂದರ ಬಾಲಕ್ಕೊಂದು ನಿಂತಿರುತ್ತಿದ್ದವು, ಒಬ್ಬ ಹಾರಿಸಿದ ಚರೆಗುಂಡು ಇನ್ನೊಬ್ಬನ ಟೋಪಿಯ ಮೇಲೆ ಉದುರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಅವಳು ಕಾಫಿ ಅಂಗಡಿಗೆ ಹೋದಳು. ಲೆರಾಯ್ ಅಲ್ಲಿದ್ದ. ಧಾನ್ಯದ ಗೋದಾಮಿನಲ್ಲಿ ತೂಕ ಹಾಕುವವನು, ಅವಳ ಶಾಲೆಯ ದಿನಗಳ ಜೊತೆಗಾರ. ಅವನ ಹೊಂಡಗಳೂ ಹೀಗೇ ಒಂದೊಂದಾಗಿ ಹೋಗಿದ್ದವು.

"ಮುಖ ಯಾಕೆ ಹಂಗಿದೆ? ಸೂಪು ಸೀದು ಹೋಯ್ತಾ?" ಎಂದ.

"ರೆಂಬೋಲ್ಟರ ಹೊಂಡಕ್ಕೆ ಫಲಕ ಬಿದ್ದಿದೆ."

ಲೆರಾಯ್ ಬಟ್ಟಲನ್ನು ಕೆಳಗಿಟ್ಟ. "ಮಿನೆಸೋಟದವರು. ಹಲ್ಲಿನ ಡಾಕ್ಟ್ರುಗಳು. ಆರು ಜನ. ಹಳೇ ಪಾದ್ರಿ ಮನೆ ನಾಲ್ಕು ದಿನಕ್ಕೆ ಬಾಡಿಗೆಗೆ ತಗೊಂಡಿದಾರೆ. ಮುಂದಿನ ವಾರ ಬರ್ತಾರೆ, ದೋಣಿ ಆಗಲೇ ಬಂದು ಕೂತಿದೆ. ನಮ್ಮನೆಗಿಂತ ಚೆನ್ನಾಗಿದೆ ದೋಣಿ."

"ನಿನಗೆ ಗೊತ್ತಿತ್ತಾ?"

"ದೋಣಿ ಗೊತ್ತಿತ್ತು. ಎಲ್ಲಿಗೆ ಇಳಿಸ್ತಾರೆ ಅಂತ ಗೊತ್ತಿರ್ಲಿಲ್ಲ." ಅವನು ದನಿ ತಗ್ಗಿಸಿದ. "ಆ ಫಲಕ ಗಾಳಿಗೆ ಬಿದ್ದುಹೋಗ್ಬಹುದು ಆರ್ಲಿಸ್. ನಮ್ಮ ಕಡೆ ಗಾಳಿ ಜಾಸ್ತಿ."

"ನಾಲ್ಕು ಮೊಳೆ ಹೊಡ್ದಿದಾರೆ ಒಂದೊಂದಕ್ಕೂ."

"ಹಂಗಾದ್ರೆ ಹೋಗಿ ಬಾಯಿ ಬಿಟ್ಟು ಕೇಳು. ಅತ್ತ ಕೂಸಿಗೇ ಹಾಲು."

"ಏನಂತ ಕೇಳ್ಲಿ? ಕೇಳಿ ಆಗಿದೆ. ನಲವತ್ತೊಂದು ವರ್ಷದ ಹಿಂದೆ ಕೇಳಿ ಆಗಿದೆ."

"ಹಂಗಂತಾನೇ ಹೇಳು ಮುದುಕಿಗೆ. ಆಮೇಲೆ ಬಂದು ನನಗೆ ಹೇಳು, ಏನಂದ್ಲು ಅಂತ. ಇನ್ನೊಂದು ಮಾತು, ನಿನಗೆ ಸಿಕ್ರೆ ನನ್ನ ಮರೀಬೇಡ."

ಆ ದಿನ ಶಾಲೆಯಲ್ಲಿ ಅವಳು ಸೂಪಿಗೆ ಎರಡು ಸಲ ಉಪ್ಪು ಹಾಕಿದಳು. ಇಡೀ ದಿನ ಒಂದೇ ಲೆಕ್ಕ. ಈ ರಾಜ್ಯದವರಿಗೆ ಬೇಟೆ ಒಂದು ವಾರ ಮೊದಲು. ಹೊರಗಿನವರು ಮುಂದಿನ ಶನಿವಾರದವರೆಗೆ ಕೋವಿ ಎತ್ತುವಂತಿಲ್ಲ. ಆ ಒಂದು ವಾರವಾದರೂ ಉಳಿದರೆ ಸಾಕು. ಹೆದರದ ಬಾತು ಸಿಗುವುದು ಆ ವಾರದಲ್ಲೇ. ಆಮೇಲೆ ಆರು ಕೋವಿಗಳು ನಾಲ್ಕು ದಿನ ಸದ್ದು ಮಾಡಿದರೆ ಹೊಂಡ ಬರಿದು.

ಮೂರು ಗಂಟೆಗೆ ಅವಳು ರೆಂಬೋಲ್ಟರ ಅಂಗಳಕ್ಕೆ ಹೋದಳು. ಕಾಲು ಅಭ್ಯಾಸದಂತೆ ಶೆಡ್ಡಿನ ಕಡೆಗೇ ನಡೆಯಿತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೊಳೆಗೆ ಮೂರು ದಾರದ ಕುಣಿಕೆಗಳು ಜೋತುಬಿದ್ದಿದ್ದವು, ಬರೀ ದಾರ. ಕೆಳಗೆ ನೆಲದ ಮೇಲೆ ಬೆಕ್ಕಿನ ಹೆಜ್ಜೆಗಳು. ಅವಳು ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಂಗಳ ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ತಟ್ಟಿದಳು. ಆ ಬಾಗಿಲನ್ನು ಅವಳು ಹಿಂದೆಂದೂ ತಟ್ಟಿರಲಿಲ್ಲ.

"ತೆರೆದೇ ಇದೆ. ಯಾರು?"

"ನಾನು ಆರ್ಲಿಸ್. ಎಡ್ವಿನ್ ಮಗಳು."

"ಗೊತ್ತು. ಶೆಡ್ಡಿನ ಹತ್ರ ನಿಂತಿದ್ದು ಕಿಟಕೀಲಿ ಕಂಡೆ. ಮನೆ ಯಾವುದು ಅಂತ ಗೊತ್ತಾಗ್ಲಿಲ್ವೇನೋ ಅಂದ್ಕೊಂಡೆ. ಕೂತ್ಕೋ. ಕಾಫಿ ಬೆಳಗಿಂದು."

ಓಟಿಲಿಯಾ ಸಣ್ಣ ಮೈಯ, ನೆಟ್ಟಗೆ ಕೂರುವ ಹೆಂಗಸು. ಮೇಜಿನ ಮೇಲೆ ಕತ್ತರಿಸಿದ ಸೇಬು, ಹಿಟ್ಟು, ಕಡುಬಿಗೆಂದು ಲಟ್ಟಿಸಿದ ಕಣಕ. ಆಕೆ ಕೆಲಸ ನಿಲ್ಲಿಸಲಿಲ್ಲ. ಆರ್ಲಿಸ್ ಕುರ್ಚಿಯ ಅಂಚಿನಲ್ಲಿ ಕೂತಳು.

"ಫಲಕ ನೋಡ್ದೆ," ಎಂದಳು.

"ನೋಡ್ಲಿ ಅಂತಾನೇ ಹಾಕೋದು."

"ಯಾರು ಹಾಕಿದ್ದು?"

"ಕರ್ಟ್ ಅಂತ. ಹಲ್ಲಿನ ಡಾಕ್ಟ್ರು. ಮೊನ್ನೆ ದೋಣಿ ತಂದಿಟ್ಟಾಗ ಹಾಕ್ದ. ಆಗಸ್ಟಲ್ಲಿ ಇನ್ನಿಬ್ಬರನ್ನ ಕರ್ಕೊಂಡು ಬಂದಿದ್ದ. ಇದೇ ಬಾಗಿಲು ತಟ್ಟಿದ್ರು, ಬೂಟು ಬಿಚ್ಚಿ ಒಳಗೆ ಬಂದ್ರು. ಒಬ್ಬನ ಕಾಲುಚೀಲ ತೂತು, ಡಾಕ್ಟ್ರಾಗಿ. ಏನ್ರಪ್ಪಾ ಅಂದೆ. ನಿಮ್ಮ ಹೊಂಡದಲ್ಲಿ ಬಾತು ಹೊಡೀಬಹುದಾ ಅಮ್ಮಾ ಅಂದ. ಹೊಡೀರಿ ಅಂದೆ."

"ಗುತ್ತಿಗೆಗೆ ಕೊಟ್ರಾ?"

"ದುಡ್ಡು ಬೇಡಾಂದೆ. ಅವರ ಕಡೆ ಕೆರೇಲಿ ಬೆಳೆಯೋ ಅಕ್ಕಿ ಒಂದು ಚೀಲ ಕೊಟ್ರು. ಬೇಯೋಕೆ ಒಂದು ಗಂಟೆ ತಗೊಳುತ್ತೆ." ಆಕೆ ಕೈಯ ಹಿಟ್ಟು ಕೊಡವಿದಳು. "ಒಂದು ಮಾತು ಕೇಳಿದ್ರು. ತಾವು ಬರೋವರೆಗೆ ಯಾರೂ ಇಳಿಯೋದು ಬೇಡ, ಹಕ್ಕಿ ಬೆದರುತ್ತೆ ಅಂತ. ಆಗಲಿ ಅಂದಿದೀನಿ."

ಹಾಗಾದರೆ ಆ ವಾರವೂ ಹೋಯಿತು.

"ಓಟಿಲಿಯಾ, ಅಪ್ಪ ಕೇಳಿದ್ರು. ಅರವತ್ತೊಂದರಲ್ಲಿ. ನಿಮ್ಮ ಯಜಮಾನ್ರು ಹೂಂ ಅಂದಿದ್ರು, ನಾನೇ ಕಿವಿಯಾರೆ ಕೇಳಿದೀನಿ. ಇನ್ನೊಂದ್ಸಲ ಕೇಳೋಕೆ ಬರ್ಬೇಡಿ ಅಂದಿದ್ರು."

"ಅಂದಿರ್ಬಹುದು. ಗಾಟ್‌ಲೀಬ್ ಬೇಡ ಅನ್ನೋ ಜನ ಅಲ್ಲ. ಬೇರೆಯವರ ಸಾಮಾನು ಕೊಡೋದ್ರಲ್ಲಂತೂ ಧಾರಾಳ."

"ಅಂದ್ರೆ?"

"ಈ ಮನೆ, ಅಂಗಳ, ಶೆಡ್ಡು ಅವನದು. ಹೊಂಡ ಇರೋ ನೂರರವತ್ತು ಎಕರೆ ನಮ್ಮಪ್ಪಂದು. ನನ್ನ ಹೆಸರಿಗೆ ಬರೆದುಕೊಟ್ಟ ಮೇಲೇ ನಾನು ಮದುವೆಯಾಗಿದ್ದು. ಗಾಟ್‌ಲೀಬ್ ಉಳುತ್ತಿದ್ದ, ಅಷ್ಟೇ. ಕಾಗದ ಇಲ್ಲಿದೆ, ನೋಡ್ತೀಯಾ?"

ಆರ್ಲಿಸ್ ಬೇಡವೆಂದು ತಲೆಯಾಡಿಸಿದಳು. ಇಡೀ ಸೀಮೆಯಲ್ಲಿ ಅದಕ್ಕೆ ರೆಂಬೋಲ್ಟರ ಹೊಂಡವೆಂದೇ ಹೆಸರು. ನಲವತ್ತೊಂದು ವರ್ಷ ಅವಳ ಕುಟುಂಬ ಅಪ್ಪಣೆಯೇ ಇಲ್ಲದೆ ಅಲ್ಲಿ ಬಾತು ಹೊಡೆದಿತ್ತು.

"ಸಾಸೇಜ್ ತಂದು ಕಟ್ತಿದ್ದೆ," ಎಂದಳು, ಬೇರೇನೂ ತೋಚದೆ.

"ಗೊತ್ತಿಲ್ಲದೆ ಏನು? ಊಟಕ್ಕೆ ಕೂತ್ರೆ ಅವನ ಮೀಸೆ ಹೊಗೆ ವಾಸನೆ ಹೊಡೀತಿತ್ತು. ಸುಮ್ನಿದ್ದೆ. ಅವನು ಹೋದ ಮೇಲೂ ಮೂರು ವರ್ಷ ಕಟ್ಟಿದೀಯ. ಕಿಟಕೀಲಿ ನೋಡ್ತಿದ್ದೆ. ಬರ್ತೀಯ, ಶೆಡ್ಡಿಗೆ ಹೋಗ್ತೀಯ, ಗಾಡಿ ತಿರುಗಿಸ್ತೀಯ. ಸತ್ತವನಿಗೆ ಸಾಸೇಜ್ ಕೊಟ್ಟು ಹೋಗ್ತೀಯ, ಬದುಕಿರೋಳು ಇಲ್ಲಿ ಒಲೆ ಮುಂದೆ ಕೂತಿರ್ತೀನಿ. ಮೊದಲ್ನೇ ವರ್ಷ ಕಾಫಿ ಕೂಡ ಇಟ್ಟಿದ್ದೆ."

ಆರ್ಲಿಸ್ ಮೇಜಿನ ಮೇಲಿನ ಹಿಟ್ಟನ್ನು ನೋಡಿದಳು. ತಪ್ಪಾಯಿತೆನ್ನಬೇಕಿತ್ತು, ಆದರೆ ಅದು ಹೊಂಡಕ್ಕಾಗಿ ಹೇಳಿದಂತೆ ಕೇಳಿಸೀತೆಂದು ಹೇಳಲಿಲ್ಲ. ಅರ್ಧ ನಿಜವಾಗಿಯೂ ಅದು ಹೊಂಡಕ್ಕಾಗಿಯೇ ಇತ್ತು. ಕೊನೆಗೆ ಅವಳು ತಾನು ಆಡಲು ಬಂದ ಮಾತನ್ನೇ ಆಡಿದಳು.

"ನಿಮ್ಮ ಹೊಂಡದಲ್ಲಿ ನಾನು ಬಾತು ಹೊಡೀಬಹುದಾ?"

ಓಟಿಲಿಯಾ ಸೇಬಿನ ಹೋಳುಗಳನ್ನು ಕಣಕದ ಮೇಲೆ ಜೋಡಿಸಿ ಮುಗಿಸಿದಳು.

"ಅವರು ಬಂದು ಹೋಗೋವರೆಗೆ ಇಲ್ಲ. ಮಾತು ಕೊಟ್ಟಿದೀನಿ. ಅವರು ಹೋದ ಮೇಲೆ ಈ ವರ್ಷದ ಉಳಿದ ದಿನ ನೀನು ಇಳಿ."

"ಅಷ್ಟು ಹೊತ್ತಿಗೆ ಹಕ್ಕಿ ಇರಲ್ಲ."

"ಅದು ಹಕ್ಕಿ ಇಷ್ಟ."

"ಮುಂದಿನ ವರ್ಷ?"

"ಮುಂದಿನ ವರ್ಷದ್ದು ಮುಂದಿನ ವರ್ಷ. ಆಗಸ್ಟ್ ಒಂದನೇ ತಾರೀಕು ಬಂದು ಕೇಳು. ಅವರೂ ಕೇಳ್ತಾರೆ."

ಶನಿವಾರ ಬೆಳಗಾಗುವ ಮೊದಲೇ ಅವಳಿಗೆ ಎಚ್ಚರವಾಯಿತು. ಕೋವಿಯನ್ನು ಮನೆಯಲ್ಲೇ ಬಿಟ್ಟು, ನಾಯಿಯನ್ನು ಕೂರಿಸಿಕೊಂಡು ಬೇಲಿಯ ಮೂಲೆಗೆ ಹೋಗಿ ನಿಂತಳು. ರಸ್ತೆ ಎಲ್ಲರದು, ಅಲ್ಲಿ ನಿಲ್ಲಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆಳಕು ಹರಿದಂತೆ ಬಾತುಗಳು ಗುಂಪುಗುಂಪಾಗಿ ಎದ್ದು ಹೊಲಗಳಿಗೆ ಹೋದವು, ಒಂಬತ್ತಕ್ಕೆ ತಿರುಗಿ ಬಂದು ಇಳಿದವು. ದೂರದ ಸರ್ಕಾರಿ ಕೆರೆಯಲ್ಲಿ ಗುಂಡಿನ ಸದ್ದು ಎದ್ದಾಗಲೆಲ್ಲ ಹೊಸ ಹಿಂಡುಗಳು ಬಂದು ಇಲ್ಲೇ ಸೇರಿಕೊಂಡವು. ಹೊಂಡ ತುಂಬುತ್ತಲೇ ಹೋಯಿತು. ಬೆಸ್ ಗಾಜಿಗೆ ಮೂಗೊತ್ತಿ ನಡುಗುತ್ತಿತ್ತು. ಆರ್ಲಿಸ್ ಅದರ ಕಡೆ ನೋಡಲಿಲ್ಲ.

ಆ ವಾರ ಪೂರ್ತಿ ಅವಳು ದಿನಾ ಸಂಜೆ ಹೋಗಿ ನೋಡಿದಳು. ಹಕ್ಕಿ ಇದ್ದರೆ ಅವರ ಪಾಲಾಗುತ್ತದೆಂದು ಸಂಕಟ, ಇಲ್ಲದಿದ್ದರೆ ಯಾರೋ ಕದ್ದು ಇಳಿದರೆಂದು ತನ್ನ ಮೇಲೇ ಅನುಮಾನ ಬಂದೀತೆಂಬ ಅಂಜಿಕೆ.

ಮಿನೆಸೋಟದವರು ಬಂದರು. ಕೆಟ್ಟ ಜನರಲ್ಲ. ದಾರಿಯಲ್ಲಿ ಕಂಡರೆ ಕೈಯೆತ್ತುತ್ತಿದ್ದರು, ಇಲ್ಲಿಯವರಂತೆ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುವುದಲ್ಲ, ಇಡೀ ಕೈ. ಅಂಗಡಿಯಲ್ಲಿ ಬ್ರೆಡ್ಡು ಕೊಂಡರು, ಭಾನುವಾರ ಚರ್ಚಿಗೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಬೈಯಲು ಒಂದು ಕಾರಣ ಸಿಗಲೆಂದು ಆರ್ಲಿಸ್ ಕಾದಳು, ಸಿಗಲಿಲ್ಲ. ಅವರು ಶನಿವಾರದಿಂದ ಮಂಗಳವಾರದವರೆಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹೊಡೆದರು. ಶಾಲೆಯ ಅಡುಗೆಮನೆಗೂ ಒಮ್ಮೊಮ್ಮೆ ಆ ಸದ್ದು ಗಾಳಿಯಲ್ಲಿ ಬರುತ್ತಿತ್ತು.

ಬುಧವಾರ ಸಂಜೆ ಅವಳು ಇಳಿದಳು. ಸೊಂಟದವರೆಗಿನ ನೀರು ಆಗಲೇ ಐಸಿನಂತಿತ್ತು. ಜೊಂಡು ದೋಣಿಯ ಜಾಡಿನಲ್ಲಿ ಮಲಗಿತ್ತು. ಕತ್ತಲಾಗುವವರೆಗೆ ಕಾದರೂ ಬಂದದ್ದು ಒಂದೇ ಹಸಿರು ತಲೆಯ ಗಂಡು ಬಾತು, ಎತ್ತರದಲ್ಲಿ, ಒಂಟಿಯಾಗಿ. ಅವಳು ಒಂದೇ ತೋಟಾದಲ್ಲಿ ಅದನ್ನು ಕೆಡವಿದಳು.

ಮಾರನೆಯ ದಿನ ಪುಕ್ಕ ಕಿತ್ತು ತೊಳೆದು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಬಾಗಿಲು ತಟ್ಟಿದಳು.

"ಒಂದೇನಾ?" ಎಂದಳು ಓಟಿಲಿಯಾ.

"ಒಂದೇ."

"ಉಪ್ಪು ಹಾಕಿದೀಯಾ?"

"ಇಲ್ಲ."

"ಹಾಕ್ಬೇಕಿತ್ತು. ಎದೆ ಕಾಯಿಲೆ ಅವನಿಗೆ, ನನಗಲ್ಲ. ಒಳಗೆ ಬಾ, ಬಾಗಿಲಲ್ಲಿ ನಿಂತ್ರೆ ಚಳಿ ಬರುತ್ತೆ."

ಚಳಿಗಾಲವೆಲ್ಲ ಆರ್ಲಿಸ್ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋದಳು. ಮೊದಮೊದಲು ಲೆಕ್ಕಾಚಾರದಿಂದಲೇ ಹೋದದ್ದು, ಅದನ್ನು ತನ್ನಿಂದ ತಾನು ಮುಚ್ಚಿಡಲಿಲ್ಲ. ಓಟಿಲಿಯಾಳೂ ಅದನ್ನು ಬಲ್ಲಳು. ಹೊಂಡದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾರ್ಚಿನಲ್ಲೊಮ್ಮೆ ಅಂಚೆಯಲ್ಲಿ ಬಂದ ಮಿನೆಸೋಟದ ಪತ್ರವೊಂದು ಮೇಜಿನ ಮೇಲೆ ತೆರೆದು ಬಿದ್ದಿತ್ತು. ಆರ್ಲಿಸ್ ಅದನ್ನು ಓದದಿರಲು ಕಾಫಿ ಬಟ್ಟಲಿನ ಮೇಲೇ ಕಣ್ಣಿಟ್ಟಳು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಆಗಸ್ಟ್ ಒಂದರಂದು ಏಳು ಗಂಟೆಗೇ ಹೋದಳು. ಅಂಗಳದಲ್ಲಿ ಬೇರೆ ರಾಜ್ಯದ ನಂಬರಿನ ಕಾರು ನಿಂತಿತ್ತು. ಬಾಗಿಲ ಹೊರಗೆ ಒಂದು ಜೊತೆ ಬೂಟು. ಅವಳು ತನ್ನದನ್ನೂ ಬಿಚ್ಚಿ ಅದರ ಪಕ್ಕದಲ್ಲಿಟ್ಟು ತಟ್ಟಿದಳು.

ಕರ್ಟ್ ಮೇಜಿನ ಮುಂದೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಓಟಿಲಿಯಾ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಇಬ್ಬರ ನಡುವೆ ಇಟ್ಟಿದ್ದಳು.

"ಏನು ಬೇಕು ಕೇಳು," ಎಂದಳು, ಏನೂ ತಿಳಿಯದವಳಂತೆ.

ಆರ್ಲಿಸ್ ಕೇಳಿದಳು. ಪರರಾಜ್ಯದವನ ಎದುರಿಗೆ ನಿಂತು ಕೇಳುವುದು ಹೋದ ವರ್ಷಕ್ಕಿಂತ ಕಷ್ಟವಾಗಿತ್ತು.

"ಇವರ ಬೇಟೆ ಶುರುವಾಗೋದು ಒಂದು ವಾರ ತಡ ಅಂತೆ," ಎಂದಳು ಓಟಿಲಿಯಾ. "ನನಗದು ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಬಂದು ಹೇಳಿರ್ಲಿಲ್ಲ. ಮೊದಲ ಎರಡು ದಿನ ನಿಂದು. ಆಮೇಲೆ ಹಕ್ಕಿಗೆ ವಿಶ್ರಾಂತಿ. ಆಮೇಲೆ ನಾಲ್ಕು ದಿನ ಇವರದು. ಉಳಿದಿದ್ದು ನಿಂದು. ಆಗುತ್ತಾ ಡಾಕ್ಟ್ರೇ?"

ಕರ್ಟನ ಮುಖ ಸ್ವಲ್ಪ ಬಾಡಿತು. "ಆಗುತ್ತೆ ಅಮ್ಮಾ," ಎಂದ.

"ಮುಂದಿನ ವರ್ಷ ಇಬ್ಬರೂ ಮತ್ತೆ ಬಂದು ಕೇಳ್ಬೇಕು. ನಾನಿದ್ರೆ ಹೇಳ್ತೀನಿ. ಇಲ್ಲದಿದ್ರೆ ಬಿಸ್ಮಾರ್ಕಲ್ಲಿ ನನ್ನ ತಂಗಿ ಮಗಳಿದಾಳೆ, ಅವಳನ್ನ ಕೇಳಿ. ಅವಳಿಗೆ ಬಾತಿನ ಯೋಚನೆ ಇಲ್ಲ, ದುಡ್ಡಿಂದು ಇದೆ." ಆಕೆ ಒಳಗೆ ಹೋಗಿ ಕಿತ್ತಳೆ ಫಲಕಗಳ ಕಟ್ಟನ್ನೂ ಕಪ್ಪು ಪೆನ್ನನ್ನೂ ತಂದು ಆರ್ಲಿಸಳ ಮುಂದೆ ಇಟ್ಟಳು. "ಈ ಸಲ ನೀನು ಬರಿ. ಡಾಕ್ಟ್ರ ಅಕ್ಷರ ಚೆನ್ನಾಗಿದೆ, ಆದ್ರೆ ನನ್ನದಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ."

ಸೆಪ್ಟೆಂಬರಿನ ಒಂದು ಸಂಜೆ ಆರ್ಲಿಸ್ ಸುತ್ತಿಗೆ ಹಿಡಿದು ಬೇಲಿಯ ಉದ್ದಕ್ಕೂ ನಡೆದಳು. ಒಂದೊಂದು ಫಲಕಕ್ಕೂ ನಾಲ್ಕು ಮೊಳೆ. ಮೂಲೆಯ ಕಂಬಕ್ಕೆ ಬರುವಷ್ಟರಲ್ಲಿ ಲೆರಾಯನ ಪಿಕಪ್ಪು ಧೂಳೆಬ್ಬಿಸುತ್ತ ಬಂದು ನಿಂತಿತು. ಅವನು ಗಾಜು ಇಳಿಸಿ ಫಲಕವನ್ನು ಓದಿದ, ಆಮೇಲೆ ಅವಳ ಕೈಯ ಸುತ್ತಿಗೆಯನ್ನು ನೋಡಿದ.

"ನಿನ್ನ ಕೈಲೇ ಹಾಕಿಸ್ತಿದಾಳಾ?"

"ಹೂಂ."

"ನಿನಗೆ ಸಿಕ್ಕಿತು ಅನ್ನು."

"ಈ ವರ್ಷಕ್ಕೆ."

"ಹಂಗಾದ್ರೆ ಶನಿವಾರ ನಾನೂ ಬರ್ಲಾ? ಮೂಲೇಲಿ ಕೂತಿರ್ತೀನಿ. ಎರಡು ಹಕ್ಕಿ, ಜಾಸ್ತಿ ಬೇಡ."

ಆರ್ಲಿಸ್ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ತೆಗೆದಳು. ಅವನು ಇಳಿದರೆ ಅವನ ತಮ್ಮನೂ ಇಳಿಯುತ್ತಾನೆ. ಅದು ಓಟಿಲಿಯಾಳ ಕಿಟಕಿಗೆ ಕಾಣದೆ ಇರುವುದಿಲ್ಲ. ಮುಂದಿನ ಆಗಸ್ಟಿಗೆ ಇನ್ನು ಹತ್ತು ತಿಂಗಳಿತ್ತು.

"ಹೊಂಡ ನಂದಲ್ಲ," ಎಂದಳು. "ಅಡುಗೆಮನೆ ಬಾಗಿಲು ತಟ್ಟಿ ಕೇಳು."

ಲೆರಾಯ್ ಗಾಜು ಏರಿಸಿದ. ಹೋಗುವಾಗ ಬೆರಳು ಎತ್ತಲಿಲ್ಲ. ಅವನ ಗಾಡಿ ರೆಂಬೋಲ್ಟರ ಮನೆಯ ದಾರಿಗೆ ತಿರುಗುತ್ತದೆಯೋ ಇಲ್ಲವೋ ಎಂದು ಅವಳು ತಿರುವಿನವರೆಗೂ ನೋಡಿದಳು. ಅದು ನೇರವಾಗಿ ಊರಿನ ಕಡೆಗೆ ಹೋಯಿತು. ಅವಳು ಕೊನೆಯ ಮೊಳೆ ಹೊಡೆದು, ಫಲಕ ಗಾಳಿಗೆ ಅಲುಗುವುದಿಲ್ಲವೆಂದು ಕೈಯಿಂದ ಎಳೆದು ನೋಡಿ, ಹಕ್ಕಿಗಳು ಇಳಿಯುವ ಹೊತ್ತಾದುದರಿಂದ ಗಾಡಿಗೆ ಹೋಗಿ ಕೂತಳು.